ದೊಡ್ಡವರು ಬಂದ ಡಿಸೆಂಬರ್

ಕಳೆದ ತಿಂಗಳು ಮಂಗಳೂರಿಗೆ ಹೊರಟಿದ್ದ ಬಸ್ಸು ಮಾರನಹಳ್ಳಿಯಲ್ಲಿ ನಿಂತಾಗ ಕಿಟಕಿಯಿಂದ ಹುಳಿ ಬೆರೆತ ವಾಸನೆಯೊಂದು ಒಳಗೆ ಬಂತು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದೇನ್ರೀ, ಯಾರೋ ದೋಸೆ ಹಿಟ್ಟು ಹಳಸಿ ಚೆಲ್ಲಿದ್ದಾರಾ?" ಎಂದು ಕೇಳಿದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಅದು. ಹೊಂಡ ತೋಡಿ ತಿಳಿಗೊಳಿಸಬೇಕಾದ ಆ ನೀರನ್ನು ಕೊಯ್ಲಿನ ಕಾಲದಲ್ಲಿ ಕೆಲವು ಎಸ್ಟೇಟಿನವರು ನೇರವಾಗಿ ಹಳ್ಳಕ್ಕೆ ಬಿಡುತ್ತಾರೆ. ಕೆಳಗಿನ ಊರಿನ ದನಗಳು ಅದನ್ನೇ ಕುಡಿಯುತ್ತವೆ. ಬೇರೆ ಯಾವ ಊರಿನಲ್ಲಾಗಿದ್ದರೂ ಇದನ್ನೆಲ್ಲ ಆಕೆಗೆ ವಿವರಿಸುತ್ತಿದ್ದೆ. ಆದರೆ ಮೂರು ವರ್ಷದ ಹಿಂದೆ, ಇದೇ ವಾಸನೆಯ ನಡುವೆ, ಇದೇ ರಸ್ತೆಯ ಅಂಚಿನಲ್ಲಿ, ಗಂಡ ಮತ್ತು ಮಗಳ ಜೊತೆ ಟೆಂಟಿನ ಗಂಟುಗಳ ಮೇಲೆ ಕುಳಿತು, ಒಬ್ಬ ಮನುಷ್ಯನ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದ್ದೆ. ಹಾಗಾಗಿ ಕಿಟಕಿಯ ಗಾಜು ಎಳೆದೆ.

ನಾನು ಓದಿದ್ದು ಮೈಸೂರಿನ ಹೊರವಲಯದ ಒಂದು ಪ್ರಯೋಗಶೀಲ ಶಾಲೆಯಲ್ಲಿ. ಅಲ್ಲಿ ಅಂಕಕ್ಕಿಂತ ಪ್ರಶ್ನೆಗೆ ಬೆಲೆ ಹೆಚ್ಚು. ರಸ್ತೆಯಾಗಲಿ, ಅಣೆಕಟ್ಟಾಗಲಿ, ಮದುವೆ ಮನೆಯ ಊಟದ ಪಂಕ್ತಿಯಾಗಲಿ, ಯಾವುದನ್ನು ಕಂಡರೂ ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳಬೇಕು. ಉತ್ತರ ಸಿಕ್ಕ ಮೇಲೆ ತಪ್ಪನ್ನು ಹೆಸರು ಹಿಡಿದು ಹೇಳಬೇಕು. ಆ ಪಾಠವನ್ನು ನಾನು ಬಿಡಲಿಲ್ಲ. ಹಾಸನಕ್ಕೆ ಬಂದು ನೆಲೆಸಿದ ಮೇಲೆ ನಾಲ್ಕಾರು ಗೆಳೆಯರೊಡನೆ ಸೇರಿ ಕೆರೆ ಒತ್ತುವರಿಯ ಬಗ್ಗೆ, ಹಳ್ಳದ ಕೊಳಕು ನೀರಿನ ಬಗ್ಗೆ, ಎಸ್ಟೇಟ್ ಕೂಲಿಯವರು ವಾಸಿಸುವ ಲೈನ್ ಮನೆಗಳ ದುಃಸ್ಥಿತಿಯ ಬಗ್ಗೆ ದೂರು ಬರೆಯುವುದೇ ನನ್ನ ಕೆಲಸವಾಯಿತು. ಹೋದ ಊರುಗಳಲ್ಲೆಲ್ಲ ಜನ ದನಿ ತಗ್ಗಿಸಿ ಹೇಳುತ್ತಿದ್ದ ಒಂದು ಮಾತಿತ್ತು: "ಅದು ದೊಡ್ಡೋರ ಇಸ್ಯ ಕಣಮ್ಮ, ನಮಗ್ಯಾಕೆ." ದೊಡ್ಡವರು ಎಂಬ ಪದಕ್ಕೆ ನನ್ನ ಮನಸ್ಸಿನಲ್ಲಿ ಒಂದೇ ಅರ್ಥ ಗಟ್ಟಿಯಾಗಿ ಕೂತಿತ್ತು: ಜಮೀನೂ ಇರುವವರು, ಅಧಿಕಾರಿಗಳನ್ನೂ ಜೇಬಿನಲ್ಲಿ ಇಟ್ಟುಕೊಂಡವರು.

ಆ ವರ್ಷ ಮಗಳು ಚಿನ್ಮಯಿ ಆರನೆಯ ತರಗತಿಯಲ್ಲಿದ್ದಳು. ಸಮುದ್ರದ ನಡುವಿನ ದ್ವೀಪದಲ್ಲಿ ಟೆಂಟ್ ಹಾಕಿ ಮಲಗಬೇಕೆಂಬ ಹಟ ಅವಳದು. ಕಾಲೇಜಿನಲ್ಲಿ ಗಣಿತ ಕಲಿಸುವ ನನ್ನ ಗಂಡ ಮೋಹನನಿಗೆ ಡಿಸೆಂಬರಿನಲ್ಲಿ ಸಿಕ್ಕಿದ್ದು ನಾಲ್ಕೇ ದಿನದ ರಜೆ. ಆಲೂರಿನ ಆಚೆ ಹೇಮಾವತಿಯ ಹಿನ್ನೀರಿನಲ್ಲಿ ಒಂದು ಗುಡ್ಡವಿದೆ, ಮಳೆಗಾಲ ಮುಗಿಯುವ ಹೊತ್ತಿಗೆ ನೀರೇರಿ ಅದು ದ್ವೀಪವಾಗುತ್ತದೆ ಎಂದು ಅವನೇ ಹುಡುಕಿದ.

"ದ್ವೀಪ ಅಂದ್ರೆ ಸುತ್ತ ನೀರಿದ್ರೆ ಸಾಕು, ಉಪ್ಪಿರಬೇಕು ಅಂತ ನಿಮ್ಮ ಪುಸ್ತಕದಲ್ಲೇನೂ ಬರೆದಿಲ್ಲವಲ್ಲ," ಎಂದ ಅವನು.

"ತಿಮಿಂಗಿಲ ಇರುತ್ತಾ ಅಪ್ಪ?"

"ತಿಮಿಂಗಿಲ ಒಂದು ಬಿಟ್ಟು."

ಹಿನ್ನೀರಿನ ದಡದ ದಾರಿಯಲ್ಲಿ ಸಾಗಿ ದ್ವೀಪದಲ್ಲಿ ಎರಡು ರಾತ್ರಿ, ಆಮೇಲೆ ಆನೇಮಹಲ್ ಮೇಲೆ ಹಾದು ವನಗೂರಿನ ಗುಡ್ಡದಲ್ಲಿ ಒಂದು ರಾತ್ರಿ, ಮಾರನಹಳ್ಳಿ ನೋಡಿಕೊಂಡು ವಾಪಸು. ದಾರಿ ಕಡಿದು ಎಂದು ನಮ್ಮ ಕಾರು ಬಿಟ್ಟು, ಸಕಲೇಶಪುರದ ಇಕ್ಬಾಲ್ ಎಂಬವರ ಜೀಪನ್ನು ಗೊತ್ತು ಮಾಡಿದೆವು. ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ, ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುವುದು ಹೆಚ್ಚು. ಆ ನೋಟವೇ ನನಗೆ ಮೊದಲ ದಿನದಿಂದ ಸರಿಬರಲಿಲ್ಲ. ಜೀಪಿಗೆ ಬಾಡಿಗೆ ಗಾಡಿಯ ಹಳದಿ ಬೋರ್ಡ್ ಇರಲಿಲ್ಲ, ಸ್ವಂತ ಬಳಕೆಯ ಬಿಳಿ ಬೋರ್ಡ್ ಇತ್ತು. ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ದ್ವೀಪ ಕಂಡಾಗ ಚಿನ್ಮಯಿ ಸೀಟಿನ ಮೇಲೆ ಎದ್ದು ನಿಂತಳು. ನೀಲಿ ನೀರು, ಅದರೊಳಗೆ ಮುಳುಗಿ ಒಣಗಿ ನಿಂತ ಬೋಳು ಮರಗಳು, ಆಚೆ ಹುಲ್ಲಿನ ಹಸಿರು ಗುಡ್ಡ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ದಡದಿಂದ ದ್ವೀಪದವರೆಗೆ ಯಾರೋ ಕೆಮ್ಮಣ್ಣು ಸುರಿದು ಜೀಪು ಹೋಗುವಷ್ಟು ಅಗಲದ ಏರಿ ಕಟ್ಟಿದ್ದರು. ಜಲಾಶಯದ ಒಡಲು ಸರ್ಕಾರದ್ದು. ಅಲ್ಲಿ ಮಣ್ಣು ತುಂಬುವ ಹಕ್ಕು ಯಾರಿಗೂ ಇಲ್ಲ. ಏರಿಯ ಬಾಯಿಯಲ್ಲಿ 'ಖಾಸಗಿ ಸ್ಥಳ' ಎಂಬ ಫಲಕ, ಎರಡು ಕಂಬಗಳ ನಡುವೆ ತೆಗೆದು ಹಾಕಬಹುದಾದ ತಂತಿ. ಗುಡ್ಡದ ಮೇಲೆ ಸಾಲು ಟೆಂಟುಗಳು, ಅವುಗಳ ಹಿಂದೆ ಶೌಚದ ನೀರನ್ನು ನೇರವಾಗಿ ಹಿನ್ನೀರಿಗೆ ಒಯ್ಯುವ ಕೊಳವೆ. ಆ ವಾರ ಬೇರೆ ಅತಿಥಿಗಳಿರಲಿಲ್ಲ. ನಮ್ಮ ಸ್ವಂತ ಟೆಂಟನ್ನು ಹಾಕಲು ಬಿಟ್ಟರು.

ಅಲ್ಲಿನ ಉಸ್ತುವಾರಿ ಲೋಕೇಶ ಎಂಬವನದು. ಮಾಲೀಕರ ಎಸ್ಟೇಟಿನಲ್ಲಿ ಹಾಜರಿ ಬರೆಯುವ ಕೆಲಸದಿಂದ ಬಂದವನಾದ್ದರಿಂದ ಎಲ್ಲರೂ ಅವನನ್ನು ರೈಟರ್ ಎನ್ನುತ್ತಿದ್ದರು.

"ಈ ಕಡೆ ಆನೆಗಳ ಕಾಟ ಇದೆಯಂತಲ್ಲ," ಎಂದು ಮೋಹನ ಕೇಳಿದ.

"ಎಲ್ಲಿಂದ ಬರ್ತವೆ ಸಾರ್, ನಾಕೂ ಕಡೆ ನೀರು," ಎಂದು ರೈಟರ್ ನಕ್ಕ.

ಅಡುಗೆಯ ಗಿರಿಜಕ್ಕ ಆಗ ತಟ್ಟನೆ ಬೆನ್ನು ತಿರುಗಿಸಿ ಒಲೆಗೆ ಸೌದೆ ತುರುಕಿದರು. ನಾನದನ್ನು ಗಮನಿಸಿದೆ. ಅವರು ಮಾಲೀಕರ ಲೈನಿನಲ್ಲೇ ಇರುವವರು. ಅವರ ಮೌನಕ್ಕೆ ಭಯ ಕಾರಣ ಎಂದು ಊಹಿಸಿದೆ. ಆ ಊಹೆ ತಪ್ಪಾಗಿರಲಿಲ್ಲ. ಯಾವುದರ ಭಯ ಎಂಬುದಷ್ಟೇ ತಪ್ಪಿತು.

ಎರಡನೆಯ ದಿನ ಬೆಳಗಿನಿಂದ ನಾನು ಫೋಟೋ ತೆಗೆಯುತ್ತಾ ತಿರುಗಿದೆ: ಏರಿ, ಕೊಳವೆ, ಫಲಕ, ಕಂಬ. ಮೋಹನ ಒಮ್ಮೆ, "ರಜೆ ನಮಗೆ ಮಾತ್ರ ಕೊಟ್ಟಿದ್ದಾರೆ, ನಿನಗಿಲ್ಲ," ಎಂದು ಛೇಡಿಸಿದ. ಮಧ್ಯಾಹ್ನ ಊಟವಾದ ಮೇಲೆ ಬಂಡೆಯೊಂದರ ಹಿಂದೆ ಕೊಳವೆಯ ತುದಿಯನ್ನು ಹುಡುಕುತ್ತಿದ್ದಾಗ, ಅದೇ ಬಂಡೆಯ ಮೇಲೆ ಹತ್ತಿ ನಿಂತು ಇಕ್ಬಾಲ್ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. ಅವರ ಸಿಮ್ಮಿಗೆ ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ನನ್ನದಕ್ಕೆ ಇಡೀ ದ್ವೀಪದಲ್ಲಿ ಎಲ್ಲೂ ಇರಲಿಲ್ಲ.

"ದೊಡ್ಡೋರು ಇತ್ತಗೇ ತಿರುಗವ್ರಂತೆ ಮಾರಾಯ. ಹ್ಞೂಂ, ಗಿರಿಜಕ್ಕನೇ ನೋಡವ್ಳೆ. ಸಂಜೆಗೆ ಬಂದ್ಬುಡ್ತಾರೆ. ಈಯಮ್ಮಂಗೆ ನೀನೇನೂ ಹೇಳಾಕ್ ಹೋಗ್ಬ್ಯಾಡ. ಫೋಟೋ ಹುಚ್ಚು ಬೇರೆ ಐತೆ, ಎದ್ರಿಗೆ ಹೋಗಿ ನಿಂತ್ಕಂಬುಟ್ರೆ ಏನ್ ಗತಿ? ಅಷ್ಟ್ರೊಳಗೆ ನಾನೇ ಹೆಂಗಾರ ಮಾಡಿ ಇವ್ರನ್ನ ಎತ್ತಂಗಡಿ ಮಾಡ್ತೀನಿ. ನೀನು ಬೇಗ್ ಬಂದು ಲೈನ್ ನೋಡ್ಕ."

ನಾನು ಬಂಡೆಗೆ ಒರಗಿ ನಿಂತೆ. ಎಲ್ಲವೂ ತಾನಾಗಿಯೇ ಜೋಡಣೆಯಾಯಿತು. ನಾನು ಯಾರೆಂದು ಮಾಲೀಕರಿಗೆ ತಿಳಿದಿದೆ, ಫೋಟೋಗಳ ಸುದ್ದಿ ಮುಟ್ಟಿದೆ, ಅವರು ಬರುತ್ತಿದ್ದಾರೆ, ಈ ಮನುಷ್ಯ ಅವರ ಕಡೆಯವನು. ಲೈನ್ ನೋಡಿಕೊಳ್ಳುವುದೆಂದರೆ, ಕೂಲಿಯವರು ನನ್ನ ಬಳಿ ಬಾಯಿ ಬಿಡದಂತೆ ನೋಡಿಕೊಳ್ಳುವುದು. ಟೆಂಟಿನೊಳಗೆ ಕುಳಿತು ಫೋನಿನಲ್ಲೇ ಜಿಲ್ಲಾಡಳಿತಕ್ಕೆ ದೂರು ಬರೆದೆ. ಏರಿ, ಕೊಳವೆ, ಒತ್ತುವರಿ ಎಲ್ಲವನ್ನೂ ಫೋಟೋ ಸಮೇತ ವಿವರಿಸಿ, ಕೊನೆಗೆ ಇಕ್ಬಾಲರ ಹೆಸರು, ಜೀಪಿನ ನಂಬರು, ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವ ವಿಚಾರ, 'ಇವರು ಮಾಲೀಕರ ಮಾಹಿತಿದಾರರು' ಎಂಬ ಒಂದು ವಾಕ್ಯ. ಕಳುಹಿಸುವ ಗುಂಡಿ ಒತ್ತಿದೆ. ಸಿಗ್ನಲ್ ಇಲ್ಲದೆ ಅದು ಹಾಗೆಯೇ ಕಾಯುತ್ತಾ ನಿಂತಿತು.

ನಾಲ್ಕು ಗಂಟೆಗೆ ಇಕ್ಬಾಲ್ ಬಂದರು. ತಲೆಗೆ ಸುತ್ತಿದ್ದ ಟವೆಲನ್ನು ಕೈಗೆ ತೆಗೆದುಕೊಂಡಿದ್ದರು.

"ಸಾರ್, ಟೆಂಟ್ ಬಿಚ್ಚಾನ. ಆನೇಮಹಲ್ಲಾಗೆ ನಮ್ ಗುರ್ತಿನೋರ ಮನೆ ಐತೆ, ಇವತ್ತು ಅಲ್ಲೇ ಉಳ್ಕಳಾನ."

"ಯಾಕೆ ಇಕ್ಬಾಲ್? ನಾಳೆವರೆಗೆ ಇಲ್ಲಿಗೇ ಹೇಳಿದ್ದೇವಲ್ಲ," ಎಂದ ಮೋಹನ.

ಅವರು ಚಿನ್ಮಯಿಯ ಕಡೆ ನೋಡಿ, "ಗಾಳಿ ಜಾಸ್ತಿ ಆಯ್ತದೆ ಸಾರ್," ಎಂದರು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಗಾಳಿ ಬರುತ್ತೋ, ದೊಡ್ಡವರು ಬರ್ತಾರೋ?" ಎಂದೆ ನಾನು.

ಅವರ ಮುಖ ಬಿಳಿಚಿಕೊಂಡಿತು. "ನಿಮಗೆ ಯಾರ್ ಹೇಳಿದ್ರು ಮೇಡಮ್ಮೋರೇ?"

"ಯಾರಾದರೂ ಹೇಳಲಿ. ಬರಲಿ ಅವರು. ನಾನು ಅವರ ಹತ್ತಿರ ಮುಖಾಮುಖಿ ಮಾತಾಡಬೇಕು."

"ಮಾತಾಡದಾ?"

"ಹೌದು. ಈ ಏರಿ ಹಾಕೋಕೆ ಯಾರು ಅನುಮತಿ ಕೊಟ್ಟರು ಅಂತ ಕೇಳಬೇಕು. ಹೆದರಿ ಓಡೋಕೆ ನಾನು ಬಂದಿಲ್ಲ."

ಇಕ್ಬಾಲ್ ನನ್ನ ಮುಖವನ್ನೂ ಮೋಹನನ ಮುಖವನ್ನೂ ಸರದಿಯಾಗಿ ನೋಡಿದರು. "ಸಾರ್," ಎಂದು ಮೆಲ್ಲಗೆ ಕೇಳಿದರು, "ಮೇಡಮ್ಮೋರಿಗೆ ಮೈ ಹುಷಾರೈತಾ?"

ಅದು ನನ್ನ ಮೇಲೆ ಹೂಡಿದ ಇನ್ನೊಂದು ತಂತ್ರವೆಂದುಕೊಂಡೆ. ಕುರ್ಚಿಯೊಂದನ್ನು ಎಳೆದು ಏರಿಯ ಕಡೆ ಮುಖ ಮಾಡಿ, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಇಕ್ಬಾಲ್ ಮತ್ತೆರಡು ಸಲ ಬಂದು ಬೇಡಿಕೊಂಡರು. ನಾನು ಎರಡು ಸಲವೂ ನಾಗರಿಕರ ಹಕ್ಕಿನ ಬಗ್ಗೆ ಹೇಳಿದೆ. ಮೋಹನ ಯಾರನ್ನು ನಂಬಬೇಕೆಂದು ತಿಳಿಯದೆ ಟೆಂಟಿನ ಗೂಟಗಳನ್ನು ಸುಮ್ಮನೆ ಎಣಿಸುತ್ತಿದ್ದ. ಹೀಗೆ ಮುಕ್ಕಾಲು ಗಂಟೆ ಕಳೆದೆ. ಆ ಮುಕ್ಕಾಲು ಗಂಟೆಯ ಹೊಣೆ ನನ್ನೊಬ್ಬಳದೇ.

ಬಿಸಿಲು ಓರೆಯಾಗುವ ಹೊತ್ತಿಗೆ ಚಿನ್ಮಯಿ ನೀರಿನ ಅಂಚಿನಿಂದ ಕೂಗಿದಳು. "ಅಪ್ಪ, ಸುಳ್ಳು ಹೇಳಿದ್ದೆ ನೀನು. ತಿಮಿಂಗಿಲ ಇದೆ."

ಬೋಳು ಮರಗಳ ನಡುವೆ, ನೀರಿನ ಮೇಲೆ, ಬೂದು ಬಣ್ಣದ ಮೂರು ದಿಬ್ಬಗಳು ನಮ್ಮ ಕಡೆಗೆ ತೇಲಿ ಬರುತ್ತಿದ್ದವು. ಮೂರರ ಮಧ್ಯೆ ಒಂದು ಪುಟ್ಟ ದಿಬ್ಬ. ಮುಂದಿನದು ಸೊಂಡಿಲೆತ್ತಿ ಉಸಿರು ಬಿಟ್ಟಾಗ ನೀರು ಚಿಮ್ಮಿತು. ಅಡುಗೆಯ ಮನೆಯಿಂದ ಹೊರಬಂದ ಗಿರಿಜಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ದೊಡ್ಡೋರು ಬಂದ್ರು," ಎಂದರು.

ಆಗ ಗೊತ್ತಾಯಿತು. ಆನೆ ಓಡಾಡುವ ತಿಂಗಳುಗಳಲ್ಲಿ ಆ ದಡದ ಲೈನುಗಳಲ್ಲಿ ಅದರ ಹೆಸರು ಹಿಡಿಯುವುದಿಲ್ಲ. ಹೆಸರು ಹಿಡಿದರೆ ಕರೆದಂತೆ ಎಂಬ ನಂಬಿಕೆ. ಹಿರಿಯರಿಗೆ ಹೇಳುವ ಹಾಗೆ, ಬಂದರು, ಹೋದರು, ತಿರುಗವ್ರೆ ಎನ್ನುತ್ತಾರೆ. ಲೈನಿನವರೊಡನೆ ಒಡನಾಡುವ ಜೀಪಿನವರ ಬಾಯಿಗೂ ಅದೇ ರೂಢಿ ಬಂದಿದೆ. ಸಾಲದ್ದಕ್ಕೆ, ಅತಿಥಿಗಳ ಮುಂದೆ ಆನೆಯ ಮಾತೆತ್ತಿದ ಡ್ರೈವರಿಗೆ ಮತ್ತೆ ಬಾಡಿಗೆ ಸಿಗುವುದಿಲ್ಲವೆಂದು ರೈಟರ್ ಎಚ್ಚರಿಸಿದ್ದ.

ಇಕ್ಬಾಲ್ ಚಿನ್ಮಯಿಯನ್ನು ಸೊಂಟಕ್ಕೆತ್ತಿ ಜೀಪಿನೊಳಗೆ ಹಾಕಿದರು. ನಾವು ಟೆಂಟನ್ನು ಹೇಗಿತ್ತೋ ಹಾಗೆ ಸುತ್ತಿ ತುರುಕಿದೆವು. ಗಿರಿಜಕ್ಕನನ್ನೂ ಹತ್ತಿಸಿಕೊಂಡು ಏರಿಯ ಬಾಯಿಗೆ ಬಂದರೆ, ಎರಡು ಕಂಬಗಳ ನಡುವೆ ತಂತಿ ಬಿಗಿದಿತ್ತು. ಮೋಹನ ತೆಗೆಯಲು ಇಳಿಯುತ್ತಿದ್ದಂತೆ ಇಕ್ಬಾಲ್ ಅವನ ಅಂಗಿಯನ್ನು ಹಿಡಿದೆಳೆದರು.

"ಮುಟ್ಬ್ಯಾಡಿ ಸಾರ್. ಲೈನ್ ಐತೆ ಅದ್ರಾಗೆ. ಕಂಬದಿಂದ ನೇರ ಕೊಟ್ಟವ್ನೆ."

ಸೌರ ಬೇಲಿಯ ಮೃದು ಏಟಲ್ಲ, ಕೊಲ್ಲುವ ಕರೆಂಟು. ಫೋನಿನಲ್ಲಿ ಇಕ್ಬಾಲ್ ಹೇಳಿದ ಲೈನ್ ಇದು, ಕೂಲಿಯವರದಲ್ಲ. ಆನೆಗಳು ಬರುತ್ತವೆಂಬ ಸುದ್ದಿ ಮಧ್ಯಾಹ್ನದ ಆ ಫೋನಿನಲ್ಲಿ ಇಕ್ಬಾಲರ ಬಾಯಿಂದಲೇ ತಿಳಿದು, ನಾನು ಟೆಂಟಿನೊಳಗೆ ದೂರು ಬರೆಯುತ್ತಿದ್ದ ಹೊತ್ತಿಗೆ ರೈಟರ್ ಏರಿಗೆ ಬಂದು ಲೈನ್ ಕೊಟ್ಟು, ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಎಸ್ಟೇಟಿನ ಸ್ಟೋರ್ ಕಡೆ ಹೋಗಿಬಿಟ್ಟಿದ್ದ. ಒಳಗೆ ಒಂದು ಕುಟುಂಬವಿದೆ ಎಂದು ಯೋಚಿಸಿರಲಿಲ್ಲ. ಅಥವಾ ಯೋಚಿಸಿಯೂ ಹೋಗಿದ್ದ. ಇಂದಿಗೂ ನನಗೆ ಎರಡನೆಯದರ ಮೇಲೆಯೇ ಅನುಮಾನ. ಇಕ್ಬಾಲ್ ಜಾಕ್ ರಾಡಿನಿಂದ ಪೆಟ್ಟಿಗೆಯ ಬೀಗಕ್ಕೆ ನಾಲ್ಕು ಏಟು ಹಾಕಿದರು. ನಮ್ಮ ಬೆನ್ನ ಹಿಂದೆ, ಗುಡ್ಡದ ಮೇಲೆ, ನೀರು ಸುರಿಸುತ್ತಾ ಮೊದಲನೆಯ ಆನೆ ಟೆಂಟುಗಳ ಸಾಲಿಗೆ ಬಂದು ನಿಂತಿತ್ತು. ಮರಿ ಅದರ ಕಾಲ ಸಂದಿಯಿಂದ ನಮ್ಮನ್ನು ನೋಡುತ್ತಿತ್ತು. ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ ಇಕ್ಬಾಲ್, ಒಣ ಬಿದಿರಿನಿಂದ ತಂತಿಯನ್ನು ತಳ್ಳಿ, ಜೀಪು ದಾಟಿಸಿದರು.

ಆಲೂರಿನ ಟಾರು ರಸ್ತೆ ಸಿಗುವವರೆಗೆ ಇಕ್ಬಾಲ್ ಎಲ್ಲೂ ನಿಲ್ಲಿಸಲಿಲ್ಲ. ಮೊದಲು ಬಾಯಿ ಬಿಟ್ಟವರು ಗಿರಿಜಕ್ಕ. "ಈಯಮ್ಮ ಅವರ್ನ ಕುರ್ಚಿ ಹಾಕ್ಕಂಡ್ ಕಾಯ್ತಿದ್ರು ಕಣಣ್ಣ," ಎಂದರು. ಇಕ್ಬಾಲ್ ನಗೆ ತಡೆದುಕೊಳ್ಳಲಾರದೆ, "ಪರ್ಮಿಷನ್ ಕೇಳಾಕೆ," ಎಂದರು. ಮೋಹನ ನಕ್ಕ, ಮಗಳು ನಕ್ಕಳು, ನಾನೂ ನಕ್ಕೆ. ಅಷ್ಟರಲ್ಲಿ ನನ್ನ ಮಡಿಲಿನಲ್ಲಿದ್ದ ಫೋನು ಒಮ್ಮೆ ನಡುಗಿತು. ಸಿಗ್ನಲ್ ಬಂದಿತ್ತು. ದೂರು ಹೋಗಿತ್ತು.

ಇಲ್ಲಿಂದ ಮುಂದಿನ ತಪ್ಪನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಮೊದಲನೆಯದು ತಿಳಿಯದೆ ಆದದ್ದು. ಇದು ತಿಳಿದು ಮಾಡಿದ್ದು. ಆ ಕ್ಷಣವೇ ಇನ್ನೊಂದು ಕಾಗದ ಬರೆದು ಇಕ್ಬಾಲರ ಹೆಸರನ್ನು ಹಿಂತೆಗೆದುಕೊಳ್ಳಬಹುದಿತ್ತು. ಹಾಗೆ ಮಾಡಿದರೆ ಉಳಿದ ದೂರಿನ ತೂಕವೂ ಕಡಿಮೆಯಾಗುತ್ತದೆ, ಊರಿಗೆ ಹೋಗಿ ಸಾವಧಾನವಾಗಿ ತಿದ್ದೋಣ ಎಂದುಕೊಂಡೆ. ಹೇಗೂ ಯಾವ ಕಚೇರಿ ಇಷ್ಟು ಬೇಗ ಓದುತ್ತದೆ? ಗಿರಿಜಕ್ಕನನ್ನು ಅವರ ತಂಗಿಯ ಮನೆಯಲ್ಲಿ ಇಳಿಸಿ, ಆನೇಮಹಲ್ಲಿನಲ್ಲಿ ಉಳಿದು, ಮರುದಿನ ವನಗೂರಿಗೆ ಹತ್ತಿದೆವು. ಚಿನ್ಮಯಿ ಇಕ್ಬಾಲರ ಪಕ್ಕದ ಸೀಟು ಬಿಟ್ಟು ಕದಲಲಿಲ್ಲ. ಅವರು ಅವಳಿಗೆ ಏಲಕ್ಕಿ ಗಿಡದ ಬುಡದಲ್ಲಿ ಕಾಯಿ ಬಿಡುವುದನ್ನು ತೋರಿಸಿದರು, ಕಡಿದಾದ ತಿರುವಿನಲ್ಲಿ ಗೇರ್ ಬದಲಿಸುವಾಗ ಅವಳ ಕೈಯನ್ನು ತಮ್ಮ ಕೈಯ ಮೇಲೆ ಇಡಿಸಿಕೊಂಡರು. ಮೊದಲ ದಿನ ಕನ್ನಡಿಯಲ್ಲಿ ಅವರು ನೋಡುತ್ತಿದ್ದುದು ಹಿಂದೆ ಕುಳಿತ ಮಗು ಬೀಳದಿರಲಿ ಎಂದು, ಬೇರೇನೂ ಅಲ್ಲ. ಆದರೆ ಈಗ ಕನ್ನಡಿಯನ್ನು ಬಿಟ್ಟೂಬಿಡದೆ ನೋಡುವವಳು ನಾನಾಗಿದ್ದೆ. ಅವರ ಫೋನು ರಿಂಗಾದಾಗಲೆಲ್ಲ ಯಾರೋ ನನ್ನ ಹೆಸರು ಹೇಳುತ್ತಿದ್ದಾರೆ ಎನಿಸುತ್ತಿತ್ತು. ಅವರು ನಕ್ಕರೆ, ತಿಳಿದೂ ನಗುತ್ತಿದ್ದಾರೋ ಎಂಬ ಸಂಶಯ.

"ಯಾರದು ಫೋನು?" ಎಂದು ವನಗೂರಿನಲ್ಲಿ ಕೇಳಿಯೇಬಿಟ್ಟೆ.

"ನಮ್ಮನೆಯೋಳು ಮೇಡಮ್ಮೋರೇ. ಮೀನ್ ತರ್ಲಾ, ಕೋಳಿ ತರ್ಲಾ ಅಂತ," ಎಂದರು ಅವರು.

ನಾಲ್ಕನೆಯ ದಿನ ಮಾರನಹಳ್ಳಿಯಲ್ಲಿ ಚಹಾಕ್ಕೆ ನಿಂತಿದ್ದೆವು. ಸಾರಿಗೆ ಇಲಾಖೆಯ ಗಾಡಿಯೊಂದು ಅಡ್ಡ ಬಂದು ನಿಂತಿತು. ಇಳಿದ ಅಧಿಕಾರಿ ಜೀಪಿನ ನಂಬರನ್ನು ಫೋನಿನ ಜೊತೆ ತಾಳೆ ನೋಡಿ, "ಬಿಳಿ ಬೋರ್ಡ್ ಇಟ್ಕೊಂಡು ಬಾಡಿಗೆ ಹೊಡೀತೀಯೇನಯ್ಯ? ಕೀ ಕೊಡು," ಎಂದರು. ನಾನು ಅಭ್ಯಾಸಬಲದಿಂದ ಮುಂದೆ ಹೋಗಿ, ಯಾವ ಆಧಾರದ ಮೇಲೆ ಎಂದು ಕೇಳಿದೆ. ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. "ದೂರು ಬಂದಿದೆ ಮೇಡಂ. ನೋಡಿ, ಹೆಸರು, ನಂಬರು ಎಲ್ಲ ಕೊಟ್ಟಿದ್ದಾರೆ." ಕೆಳಗೆ ನನ್ನ ಹೆಸರಿತ್ತು. ನನ್ನ ಪಕ್ಕದಲ್ಲಿ ಇಕ್ಬಾಲ್ ಬಗ್ಗಿ ಓದುತ್ತಿದ್ದರು. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು.

ಓದಿ ಮುಗಿಸಿ ಅವರು ನೇರವಾದರು. ಜೀಪಿನ ಹಿಂಬಾಗಿಲು ತೆರೆದು ನಮ್ಮ ಗಂಟುಗಳನ್ನು ಒಂದೊಂದಾಗಿ ಇಳಿಸಿದರು. "ಪಾಪು, ನಿನ್ ನೀರಿನ್ ಬಾಟ್ಲಿ ಒಳಗೈತೆ ನೋಡು," ಎಂದು ನೆನಪಿಸಿ, ಕೀ ಕೊಟ್ಟು, ಇಲಾಖೆಯ ಗಾಡಿಯ ಹಿಂಬದಿಯಲ್ಲಿ ಕುಳಿತು ಹೋದರು.

ಇಷ್ಟು ವರ್ಷಗಳಲ್ಲಿ ನನ್ನ ಯಾವ ದೂರಿಗೂ ಅಷ್ಟು ಚುರುಕಾದ ಉತ್ತರ ಸಿಕ್ಕಿರಲಿಲ್ಲ. ಏರಿ ಹಾಗೆಯೇ ಇತ್ತು, ಕೊಳವೆ ಹಾಗೆಯೇ ಇತ್ತು. ಇಡೀ ಕಾಗದದಲ್ಲಿ ಸುಲಭವಾಗಿ ಕೈಗೆ ಸಿಗುವವರು ಒಬ್ಬರೇ ಇದ್ದರು. ಅವರನ್ನು ನಾನೇ ಹುಡುಕಿ ಬರೆದುಕೊಟ್ಟಿದ್ದೆ. ಊರು ತಲುಪಿದ ದಿನವೇ ನನ್ನ ಮಾತು ತಪ್ಪೆಂದು ಬರೆದುಕೊಟ್ಟೆ. 'ಮಾಹಿತಿದಾರ' ಎಂಬುದು ಸುಳ್ಳಿರಬಹುದು, ಬಿಳಿ ಬೋರ್ಡು ನಿಜವಲ್ಲವೇ ಎಂದು ಕಚೇರಿ ಕೇಳಿತು. ನಿಜವೇ. ಅದನ್ನು ಬರೆದವಳೂ ನಾನೇ. ಕಾಫಿ ಕೊಯ್ಲಿನ ತಿಂಗಳುಗಳು, ಬೇಸಿಗೆಯ ಪ್ರವಾಸಿಗರ ತಿಂಗಳುಗಳು, ಜೀಪಿನವರ ದುಡಿಮೆಯ ಕಾಲವೆಲ್ಲ ಕಳೆದು, ಮಳೆ ಹಿಡಿದ ಮೇಲೆ ಜೀಪು ಬಿಡುಗಡೆಯಾಯಿತು.

ಅದರ ನಡುವೆ ನಾನು ಒಂದು ಹೊಸ ದೂರು ಸಿದ್ಧಪಡಿಸಿದೆ. ಈ ಸಲ ಅದರಲ್ಲಿ ಒಂದೇ ವಿಷಯ: ಅತಿಥಿಗಳನ್ನು ಒಳಗೆ ಬಿಟ್ಟು ತಂತಿಗೆ ಕರೆಂಟು ಕೊಟ್ಟದ್ದು. ಮನುಷ್ಯರಿಗೂ ಆನೆಗೂ ಸಾವು ತರಬಲ್ಲ ಅಪರಾಧ ಅದು. ಆದರೆ ಮೋಹನನೂ ನಾನೂ ತಂತಿಯನ್ನು ಕಂಡಿದ್ದೆವು, ಕರೆಂಟನ್ನಲ್ಲ. ಫ್ಯೂಸು ಕಿತ್ತವರು ಇಕ್ಬಾಲ್. ಗಿರಿಜಕ್ಕನನ್ನು ಕೇಳುವ ಹಾಗಿರಲಿಲ್ಲ. ಅವರು ಮತ್ತೆ ಅದೇ ಮಾಲೀಕರ ಲೈನಿಗೆ ಮರಳಿದ್ದರು, ಮನೆ ಅಲ್ಲಿಯೇ ಇತ್ತು. ಇಕ್ಬಾಲರ ಹೇಳಿಕೆ ಸಿಕ್ಕರೆ ಪ್ರಕರಣ ನಿಲ್ಲುತ್ತದೆ, ಸಿಗದಿದ್ದರೆ ಬೀಳುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಸಕಲೇಶಪುರದ ಅವರ ಮನೆಗೆ ಹೋದೆ. ಕ್ಷಮೆ ಕೇಳಿದೆ. ಅವರು, "ಆಯ್ತು ಬಿಡಿ," ಎಂದು ಕುರ್ಚಿ ಸರಿಸಿದರು; ಆ ಮಾತಿನೊಳಗೆ ಕ್ಷಮೆಯಿತ್ತೋ, ಮಾತು ಮುಗಿಸುವ ಆತುರವಿತ್ತೋ ತಿಳಿಯಲಿಲ್ಲ. ಅವರ ಹೆಂಡತಿ ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಕಾಗದವನ್ನು ಕೊಟ್ಟೆ. ಇಕ್ಬಾಲ್ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ, ತುಟಿ ಅಲುಗಿಸುತ್ತಾ, ಎರಡು ಸಲ ಓದಿದರು.

"ಎಲ್ಲಾ ನಿಜಾನೇ ಬರ್ದಿದೀರ," ಎಂದರು.

"ಹೌದು. ಪ್ರತಿ ಅಕ್ಷರ ನಿಜ. ಕೆಳಗೆ ನಿಮ್ಮ ಹೆಸರಿದೆ, ಅಲ್ಲಿ ಸಹಿ ಮಾಡಿದರೆ ಸಾಕು."

"ಆವತ್ತೂ ನೀವು ನಿಜ ಅಂದ್ಕಂಡೇ ಬರ್ದಿದ್ರಿ ಮೇಡಮ್ಮೋರೇ."

ನನ್ನಲ್ಲಿ ಉತ್ತರಗಳಿದ್ದವು. ಒಬ್ಬರು ಸುಮ್ಮನಾದರೆ ನೂರು ಜನ ತಂತಿಗೆ ಸಿಗುತ್ತಾರೆ, ಸಾಕ್ಷಿ ಹೇಳುವುದು ಪ್ರಜೆಯ ಕರ್ತವ್ಯ, ಬೇಕಾದ ರಕ್ಷಣೆಗೆ ನಾವಿದ್ದೇವೆ. ದಾರಿಯುದ್ದಕ್ಕೂ ಇವನ್ನೇ ಜೋಡಿಸಿಕೊಂಡು ಬಂದಿದ್ದೆ.

"ಎಸ್ಟೇಟ್‌ನೋರ್ ಬಾಡಿಗೆ ಬಿಟ್ರೆ ನಮಗೆ ಬ್ಯಾರೆ ಬದುಕಿಲ್ಲ," ಎಂದರು ಇಕ್ಬಾಲ್. "ನಿಮ್ ಹೋರಾಟ ನೀವ್ ಮಾಡಿ, ನಾನ್ ಬ್ಯಾಡ ಅನ್ನಲ್ಲ. ನನ್ ಹೆಸ್ರು ತಗೀರಿ."

ಅದು ಇಲ್ಲದಿದ್ದರೆ ಕಾಗದಕ್ಕೆ ಬಲವಿಲ್ಲವೆಂದು ಹೇಳಲು ಬಾಯಿ ತೆರೆದೆ. ಅವರು ಆಗಲೇ ತಮ್ಮ ಅಂಗಿಯ ಜೇಬಿನ ಪೆನ್ನು ತೆಗೆದು ನನ್ನ ಕಡೆ ಚಾಚಿದ್ದರು. ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಅವರ ಹೆಸರಿನ ಮೇಲೆ ಒಂದು ಗೆರೆ ಎಳೆದೆ.

ಅವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು.

"ಇನ್ನೂ ಕಾಣ್ತೈತೆ," ಎಂದರು. "ಸರ್ಯಾಗ್ ಹೊಡೀರಿ."

ಒಂದಕ್ಷರವೂ ಉಳಿಯದ ಹಾಗೆ, ಮತ್ತೆ ಮತ್ತೆ ಗೆರೆ ಎಳೆದೆ. ಅವರು ಸಾಕು ಎನ್ನುವವರೆಗೂ ಎಳೆದೆ.